ಕೊಬ್ಬರಿ ಕಿತ್ತರೆ ಎಷ್ಟು ಪಾಯಿಂಟು?

ದೀಪಾವಳಿ ಕಳೆಯಿತೆಂದರೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬ. ಕೊಂಬಿಗೆ ಬಲೂನು, ಕೊರಳಿಗೆ ಒಣಕೊಬ್ಬರಿ ಸರ. ಮೈಕಿನಲ್ಲಿ ಹೆಸರು ಕೂಗಿದ್ದೇ ತಡ, ಹೋರಿ ಅಖಾಡಕ್ಕೆ ನುಗ್ಗುತ್ತದೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಕೀಳಬೇಕು. ಯಾರ ಕೈಗೂ ಸಿಗದೆ ದಾಟಿದರೆ ಗೆದ್ದದ್ದು ಹೋರಿ.

ಇದನ್ನು ನೋಡಿದವರಿಗೆ ರಗ್ಬಿ ಹೊಸದೇನಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವವನೇ ಹೋರಿ. ತಂಡಕ್ಕೆ 15 ಜನ, 40 ನಿಮಿಷದ ಎರಡು ಅವಧಿ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, 5 ಅಂಕ. ಅದರ ಬೆನ್ನಿಗೇ ಕಂಬಗಳ ನಡುವೆ ಒದ್ದರೆ ಇನ್ನೆರಡು. ಪೆನಾಲ್ಟಿಗೆ 3, ಆಟದ ನಡುವೆಯೇ ಪುಟಿಸಿ ಒದೆಯುವ ಡ್ರಾಪ್ ಗೋಲಿಗೂ 3. ‘ಟ್ರೈ’ ಎಂಬ ಹೆಸರು ಬಂದದ್ದೊಂದು ತಮಾಷೆ: ಮೊದಮೊದಲು ಗೆರೆ ದಾಟಿದ್ದಕ್ಕೆ ಅಂಕವೇ ಇರಲಿಲ್ಲ, ಕಂಬದತ್ತ ಒದೆಯಲು ಒಂದು ಪ್ರಯತ್ನ ಸಿಗುತ್ತಿತ್ತು, ಅಷ್ಟೆ. 1971ರಲ್ಲಿ ಟ್ರೈ ಬೆಲೆ 4 ಆಯಿತು, 1992ರಲ್ಲಿ 5.

ಅಂಕ ಎಣಿಸುವುದು ಸುಲಭ. ಕಷ್ಟವಿರುವುದು ‘ಯಾರು ಗೆಲ್ತಾರೆ, ಬಾಜಿ ಕಟ್ತೀಯಾ?’ ಎಂಬ ಪ್ರಶ್ನೆಯಲ್ಲಿ.

ಅಖಾಡದಲ್ಲೇ ಲೆಕ್ಕ ಹಾಕೋಣ. ಒಬ್ಬೊಬ್ಬ ಹುಡುಗನಿಗೂ ಕೊಬ್ಬರಿ ಸಿಗುವ ಸಾಧ್ಯತೆ ಶೇ 5 ಅಂದುಕೊಳ್ಳಿ. ಅಂದರೆ ಹೋರಿ ಒಬ್ಬನಿಂದ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 95. ಇಪ್ಪತ್ತು ಜನರಿಂದಲೂ ತಪ್ಪಿಸಿಕೊಳ್ಳಬೇಕಾದರೆ 0.95ನ್ನು ಇಪ್ಪತ್ತು ಸಲ ಗುಣಿಸಬೇಕು. ಉಳಿಯುವುದು ಸುಮಾರು ಶೇ 36. ನಲವತ್ತು ಜನರಾದರೆ ಶೇ 13. ಹಾಗಿದ್ದೂ ಒಳ್ಳೆಯ ಹೋರಿ ನೂರಾರು ಜನರ ನಡುವೆ ಸರ ಉಳಿಸಿಕೊಂಡು ಹೋಗುತ್ತದಲ್ಲ? ಗುಣಾಕಾರ ತಪ್ಪಿಲ್ಲ, ನಮ್ಮ ಊಹೆ ತಪ್ಪು. ಒಬ್ಬರ ಪ್ರಯತ್ನಕ್ಕೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲದಿದ್ದರೆ ಮಾತ್ರ ಈ ಲೆಕ್ಕ ಸರಿ. ಇಲ್ಲಿ ಮೊದಲನೆಯವನು ಉರುಳಿದ್ದು ಕಂಡರೆ ಎರಡನೆಯವನ ಕಾಲು ತಾನಾಗಿ ಹಿಂದೆ ಸರಿಯುತ್ತದೆ, ಅವನ ಹಿಂದಿನವರೂ ಸರಿಯುತ್ತಾರೆ. (ಸರಿಯುವುದೇ ವಾಸಿ. ಈ ಹಬ್ಬದಲ್ಲಿ ತಿವಿತಕ್ಕೆ ಜೀವ ಹೋದದ್ದೂ ಉಂಟು.)

ಬಾಜಿ ನಡೆಸುವ ಬುಕ್ಕಿಯ ಕೆಲಸ ಇಂಥ ಸಾಧ್ಯತೆಗೆ ಬೆಲೆ ಕಟ್ಟುವುದು. ರಗ್ಬಿಯಲ್ಲಿ ಒಂದು ತಂಡ ಬಲವಾಗಿದ್ದರೆ ಎದುರಿನದಕ್ಕೆ ಕಾಗದದ ಮೇಲೆ 6.5 ಅಂಕ ಮೊದಲೇ ಕೊಟ್ಟು ಸಮ ಮಾಡುತ್ತಾನೆ, ಇದೇ ಹ್ಯಾಂಡಿಕ್ಯಾಪ್. ಆ ಅರ್ಧ ಅಂಕ ಸುಮ್ಮನೆ ಇಟ್ಟದ್ದಲ್ಲ. ಟ್ರೈ ಜೊತೆ ಒದೆತವೂ ಸೇರಿದರೆ 7, ಹಾಗಾಗಿ 7 ಅಂಕದ ಅಂತರ ಮತ್ತೆ ಮತ್ತೆ ಬರುತ್ತದೆ. 6.5 ಇಟ್ಟರೆ ಸೋಲು-ಗೆಲುವು ಎರಡರಲ್ಲೊಂದು ಖಚಿತ, ‘ಸಮ’ ಎಂದು ಹಣ ವಾಪಸು ಕೊಡುವ ತಾಪತ್ರಯವಿಲ್ಲ.

ಹೀಗೆ ಸಮ ಮಾಡಿದ ಪಂದ್ಯಕ್ಕೆ ಎರಡೂ ಕಡೆ 1.90 ದರ ಹಾಕುತ್ತಾರೆ. 100 ರೂಪಾಯಿ ಕಟ್ಟಿ ಗೆದ್ದರೆ 190 ಕೈಗೆ. ನ್ಯಾಯವಾಗಿ ಬರಬೇಕಾದದ್ದು 200. ಎರಡೂ ಕಡೆಯವರು ನೂರು ನೂರು ಕಟ್ಟಿದರೆ ಯಾರೇ ಗೆಲ್ಲಲಿ, ಹತ್ತು ರೂಪಾಯಿ ಬುಕ್ಕಿಯ ಗಲ್ಲಾಪೆಟ್ಟಿಗೆಗೆ. 1ನ್ನು 1.90ರಿಂದ ಭಾಗಿಸಿದರೆ ಶೇ 52.6, ಎರಡನ್ನೂ ಕೂಡಿದರೆ ಸುಮಾರು ಶೇ 105. ಆ ಹೆಚ್ಚಿನ ಐದೇ ಅವನ ಅಂಗಡಿ ಬಾಡಿಗೆ.

ಹುಡುಗರಿಗೆ ಇಷ್ಟವಾಗುವುದು ಐದು ಪಂದ್ಯ ಒಟ್ಟಿಗೆ ಕಟ್ಟುವ ಬಾಜಿ. ಐದೂ ಗೆದ್ದರೆ ನೂರಕ್ಕೆ 2,476 ರೂಪಾಯಿ ಅಂದರೆ ಯಾರ ಕಣ್ಣರಳುವುದಿಲ್ಲ! ಆದರೆ ಇಲ್ಲೂ ಅದೇ ಗುಣಾಕಾರ. ಐದೂ ಗೆಲ್ಲುವ ಸಾಧ್ಯತೆ 32ರಲ್ಲಿ ಒಂದು, ನ್ಯಾಯದ ಬೆಲೆ 3,200. ಒಂದು ಪಂದ್ಯದಲ್ಲಿ ನೂರಕ್ಕೆ ಐದು ಕಳೆದುಕೊಳ್ಳುತ್ತಿದ್ದವನು ಈಗ ಸರಾಸರಿ ಇಪ್ಪತ್ತಮೂರು ಕಳೆದುಕೊಳ್ಳುತ್ತಾನೆ.

ಇನ್ನು ಕಾನೂನಿನ ಮಾತು. ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಜೂಜು ನಿಷೇಧದ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಹಾಗಾಗಿ ಮೊಬೈಲಿನಲ್ಲಿ 1.90 ಕಂಡರೆ ಅದನ್ನು ಭಾಗಾಕಾರದ ಅಭ್ಯಾಸಕ್ಕೆ ಬಳಸಿಕೊಳ್ಳಬಹುದು.