ಸುಣ್ಣದ ನೀರು, ಪ್ಲಾಸ್ಮಾ ಚೀಲ

ಮಾದಿಹಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: ‘ಟಿಬಿ ಮಾತ್ರೆಯಿಂದ ಲಿವರ್ ಕೆಟ್ಟವರಿಗೆ ರಕ್ತದ ಹಳದಿ ನೀರು ತೆಗೆದು ಬೇರೆ ಹಾಕುತ್ತಾರಂತೆ. ನಮ್ಮ ಕಡೆ ಸುಣ್ಣದ ನೀರಲ್ಲಿ ಕೈ ತೊಳೆಸಿ ಕಾಮಾಲೆ ಇಳಿಸುತ್ತಾರಲ್ಲ, ಎರಡೂ ಒಂದೇ ತಾನೆ?’

ಅಲ್ಲ ಸ್ವಾಮಿ! ಇಳಿಸುವವನು ಮಾವಿನ ಚಕ್ಕೆಯ ರಸವನ್ನು ಸದ್ದಿಲ್ಲದೆ ಕೈಗೆ ಸವರಿರುತ್ತಾನೆ. ಅದು ಸುಣ್ಣದ ತಿಳಿಗೆ ತಾಗಿದರೆ ಹಳದಿ. ನಾನೂ ಮಾಡಿ ನೋಡಿದ್ದೇನೆ. ಕಾಮಾಲೆಯ ಸುಳಿವಿಲ್ಲದ ನನ್ನ ಕೈಯಿಂದಲೂ ಬೋಗುಣಿ ತುಂಬ ಅರಿಶಿನ ನೀರು ಇಳಿಯಿತು.

ಆಸ್ಪತ್ರೆಯಲ್ಲೂ ಹಳದಿ ಇಳಿಯುವುದು ನಿಜ. ಯಂತ್ರವು ರಕ್ತಕಣಗಳನ್ನು ಬೇರ್ಪಡಿಸಿ ಮೈಗೆ ಮರಳಿಸುತ್ತದೆ. ನೀವು ಹೇಳಿದ ಹಳದಿ ನೀರು, ಅಂದರೆ ಪ್ಲಾಸ್ಮಾ ಮಾತ್ರ ಚೀಲಕ್ಕೆ, ಕಡು ಚಹಾದ ಬಣ್ಣದಲ್ಲಿ. ಆದರೆ ಹಳದಿ ಬರೀ ಗುರುತು. ಸಾಯುವ ಲಿವರ್ ಕೋಶಗಳು ಚೆಲ್ಲಿದ ಕಸ, ಉರಿಯೂತದ ರಾಸಾಯನಿಕಗಳು, ಅಮೋನಿಯ ಇವೇ ಮಿದುಳಿಗೆ ಮಂಕು ಕವಿಸುವುದು. ತೆಗೆದಷ್ಟೇ ಮುಖ್ಯ, ಹಾಕುವುದೂ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಮಾಡುವುದೇ ಲಿವರ್. ಅದು ಕೈಕೊಟ್ಟಾಗ ದಾನಿಗಳ ಪ್ಲಾಸ್ಮಾ ಅವನ್ನು ತಂದುಕೊಡುತ್ತದೆ. ನನಗೆ ಸೋಜಿಗವೆನಿಸುವುದು ಒಂದು ಸಣ್ಣ ಸಂಗತಿ: ಯಂತ್ರದೊಳಗೆ ರಕ್ತ ಗಡ್ಡೆಕಟ್ಟದಿರಲೆಂದು ಸಿಟ್ರೇಟ್ ಬೆರೆಸುತ್ತಾರೆ, ದಾನದ ಪ್ಲಾಸ್ಮಾದಲ್ಲೂ ಅದಿರುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿದೊಡನೆ ಎಚ್ಚರವಿರುವ ರೋಗಿಯ ತುಟಿ ಜುಮುಗುಟ್ಟುತ್ತದೆ! ಕ್ಯಾಲ್ಸಿಯಂ ಕೊಟ್ಟರೆ ಸರಿಹೋಗುತ್ತದೆ.

ಅರವತ್ತು ಕೆ.ಜಿ. ತೂಕದವರ ಮೈಯಲ್ಲಿರುವ ಪ್ಲಾಸ್ಮಾ ಸುಮಾರು ಎರಡೂವರೆ ಲೀಟರ್. ಡೆನ್ಮಾರ್ಕಿನ ವೈದ್ಯರ ಮುಂದಾಳ್ತನದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 8ರಿಂದ 12 ಲೀಟರಿನಂತೆ ಮೂರು ದಿನ ಬದಲಾಯಿಸಿದರು. ನಾನಾ ಕಾರಣಗಳಿಂದ ಲಿವರ್ ದಿಢೀರ್ ಕುಸಿದಿದ್ದ 182 ರೋಗಿಗಳಲ್ಲಿ, ಈ ಚಿಕಿತ್ಸೆ ಪಡೆದವರಲ್ಲಿ ಬದುಕಿ ಮನೆಗೆ ಹೋದವರು ಶೇ 58.7, ಪಡೆಯದವರಲ್ಲಿ ಶೇ 47.8. ಪವಾಡವಲ್ಲ, ಆದರೆ ತಾನೇ ಬೆಳೆದುಕೊಳ್ಳಬಲ್ಲ ಅಂಗಕ್ಕೆ ನಾಲ್ಕು ದಿನದ ಗಡುವೂ ದೊಡ್ಡದು. ಆಗಲೂ ಚೇತರಿಸದಿದ್ದರೆ ಲಿವರ್ ಕಸಿಯೇ ಗತಿ. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ವೈದ್ಯರು ಇಲಿ ಪಾಷಾಣ ತಿಂದವರಿಗೆ ಕಡಿಮೆ ಪ್ರಮಾಣದ ಬದಲಾವಣೆಯನ್ನೇ ಬಳಸಿದ್ದಾರೆ, ಖರ್ಚೂ ಇಳಿಯುತ್ತದೆ.

ಲಿವರ್ ಹೀಗೆ ದಿಢೀರ್ ಕುಸಿಯಲು ಪಾಶ್ಚಾತ್ಯರಲ್ಲಿ ಮಿತಿಮೀರಿದ ಪ್ಯಾರಾಸಿಟಮಾಲ್ ದೊಡ್ಡ ಕಾರಣ. ಮಾತ್ರೆಯ ವಿಷಯಕ್ಕೆ ಬಂದರೆ ನಮ್ಮಲ್ಲಿ ಟಿಬಿ ಔಷಧಗಳೇ ಮುಂದು: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್. ಹಾಗೆಂದು ಹೆದರಿ ಮಾತ್ರೆ ಬಿಟ್ಟುಬಿಡಬೇಡಿ, ಟಿಬಿ ಸುಮ್ಮನಿರುವುದಿಲ್ಲ. ಊಟ ಸೇರದೆ ವಾಂತಿಯಾದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಆ ಹೊತ್ತಿನ ಮಾತ್ರೆ ನುಂಗುವ ಮೊದಲು, ಅದನ್ನು ಕೊಟ್ಟ ಆಸ್ಪತ್ರೆಗೇ ಅದೇ ದಿನ ಹೋಗಿ ಲಿವರ್ ಪರೀಕ್ಷೆ ಮಾಡಿಸಿ. ಮಾತು ತೊದಲಿದರೆ, ಮಂಕು ಕವಿದರೆ 108ಕ್ಕೆ ಫೋನ್ ಮಾಡಿ. ಸುಣ್ಣದ ಬೋಗುಣಿ ಹುಡುಕಬೇಡಿ.