ಕೇಳುವವರಿಲ್ಲದೆ ಹೋದ ದಾನ
ಅಂಗದಾನದ ವಿಷಯದಲ್ಲಿ ವೈದ್ಯರೂ ಮತ್ತೆ ಕಲಿಯಬೇಕಾದ ಮೂರು ಪಾಠಗಳು

ಜತ್ತ ತಾಲೂಕಿನಲ್ಲಿ ನಮಗೆ ಪರಿಚಯದ ಒಂದು ಮನೆ ಇದೆ. ಒಕ್ಕಲುತನದ ಮನೆ, ಮಳೆ ನಂಬಿದ ಜೋಳದ ಹೊಲ, ಬಾವಿ ನಂಬಿದ ದಾಳಿಂಬೆ ತೋಟ. ಇಬ್ಬರು ಮಕ್ಕಳಲ್ಲಿ ಕಿರಿಯವನು ಒಂದು ರಾತ್ರಿ ಮೋಟಾರ್ ಸೈಕಲ್ಲಿನಲ್ಲಿ ಊರಿಗೆ ಬರುವಾಗ ಬಿದ್ದು ತಲೆಗೆ ಪೆಟ್ಟಾಯಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮೂರು ದಿನ ಉಸಿರಾಟದ ಯಂತ್ರದ ಮೇಲೆ ಇಟ್ಟಿದ್ದರು. ಮೂರನೆಯ ದಿನ ಸಂಜೆ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದು, ನಿಂತ ನಿಲುವಿನಲ್ಲೇ, "ಬ್ರೇನ್ ಡೆಡ್ ಆಗಿದೆ, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದರು. ತಾಯಿಗೆ ಆ ಮಾತು ತಿಳಿಯಲಿಲ್ಲ. "ಎದಿ ಬಡೀಲಿಕ್ಕತ್ತದ, ಮೈ ಬೆಚ್ಚಗದ, ಹ್ವಾದ ಅಂತ ಹ್ಯಾಂಗ ಅಂತಾರ?" ಎಂದು ದೊಡ್ಡ ಮಗನನ್ನು ಕೇಳಿದರು. ಅವನಿಗೂ ಗೊತ್ತಿರಲಿಲ್ಲ. ಮರುದಿನ ನಸುಕಿನಲ್ಲಿ ಎದೆಬಡಿತವೂ ನಿಂತಿತು.

ಎಷ್ಟೋ ತಿಂಗಳ ಮೇಲೆ, ಅಪಘಾತದಲ್ಲಿ ತೀರಿಕೊಂಡ ಯಾರೋ ಒಬ್ಬ ತರುಣನ ಅಂಗಗಳಿಂದ ಹಲವರು ಬದುಕಿದರೆಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಓದಿಸಿಕೊಂಡ ಆ ತಾಯಿ ನಮ್ಮನ್ನು ಕೇಳಿದ್ದು ಇಷ್ಟೇ: "ನಮ್ಮ ಹುಡುಗಗೂ ಹಂಗ ಆಗಿತ್ತಲ್ರಿ. ಕೇಳಿದ್ರ ಕೊಡತಿದ್ವಿ. ನಮ್ಮನ್ನ ಯಾಕ ಯಾರೂ ಕೇಳಲಿಲ್ಲ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಮಗೆ ತಿಳಿದು ಬಂದದ್ದನ್ನು ಓದುಗರ ಮುಂದಿಡುತ್ತಿದ್ದೇವೆ. ಆ ತರುಣ ವೈದ್ಯರು ಕಲ್ಲುಮನಸ್ಸಿನವರೇನೂ ಆಗಿರಲಿಕ್ಕಿಲ್ಲ. ಕೇಳುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಕ್ಕಿಲ್ಲ, ಅಷ್ಟೇ.

ಪದವಿಯ ನಂತರದ ಪಾಠಶಾಲೆ

ವೈದ್ಯರ ಓದು ಪದವಿಯೊಂದಿಗೆ ಮುಗಿಯುವುದಿಲ್ಲ. ಹೊಸ ಔಷಧ, ಹೊಸ ವಿಧಾನ, ಹೊಸ ಕಾನೂನು ಬಂದಂತೆಲ್ಲ ಅವರು ಮತ್ತೆ ವಿದ್ಯಾರ್ಥಿಗಳಾಗಬೇಕು. ಇದಕ್ಕೆ ನಿರಂತರ ವೈದ್ಯಕೀಯ ಶಿಕ್ಷಣವೆಂದು ಹೆಸರು. ವೈದ್ಯರ ಬಾಯಲ್ಲಿ ಇದು 'ಸಿ.ಎಂ.ಇ.' ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳು ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಶಿಕ್ಷಣ ಪಡೆಯಬೇಕೆಂದು ಹೇಳುತ್ತವೆ.

ಅಂಗಾಂಗ ಕಸಿಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಇದು ನಮ್ಮ ಕಣ್ಣೆದುರಿಗೇ ಬೆಳೆದ ವಿದ್ಯೆ. 1954ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಅವರು ಅವಳಿ ಸೋದರರೊಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಜೋಡಿಸಿ ಯಶಸ್ವಿಯಾದರು. 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಮಿದುಳಿನ ಸಾವನ್ನು ಗುರುತಿಸುವ ಲಕ್ಷಣಗಳನ್ನು ಬರೆದಿಟ್ಟಿತು. ನಮ್ಮಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. 1994ರಲ್ಲಿ ಮಾನವ ಅಂಗಗಳ ಕಸಿ ಕಾಯ್ದೆ ಬಂತು; ಅದೇ ವರ್ಷ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ಹೃದಯವನ್ನೇ ಬದಲಿಸಿತು.

ಶಸ್ತ್ರವೈದ್ಯರ ಕೈಚಳಕ ಹೀಗೆ ಬೆಳೆಯಿತು. ಆದರೆ ಅಂಗ ಅವರ ಕೈಗೆ ಬರುವುದು ಬೇರೊಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಿಂದ. ಅಲ್ಲಿ ರಾತ್ರಿ ಪಾಳಿಯಲ್ಲಿರುವ ವೈದ್ಯರು ಮತ್ತು ದಾದಿಯರು ಮೂರು ಪಾಠಗಳನ್ನು ಕಲಿತಿರಬೇಕು.

ಮೊದಲ ಪಾಠ: ಸಾವನ್ನು ಸಂಶಯವಿಲ್ಲದೆ ಹೇಳುವುದು

ಕೋಮಾ ಬೇರೆ, ಮಿದುಳಿನ ಸಾವು ಬೇರೆ. ಕೋಮಾದಲ್ಲಿರುವವರ ಮಿದುಳಿನ ಕಾಂಡ ಕೆಲಸ ಮಾಡುತ್ತಿರಬಹುದು, ಅವರು ಮರಳಿ ಬರಬಹುದು. ಕಾಂಡವೇ ಸತ್ತರೆ ಸ್ವಂತ ಉಸಿರು ಮತ್ತೆ ಬರುವುದಿಲ್ಲ. ಎದೆ ಏರಿಳಿಯುವುದು ಯಂತ್ರದಿಂದ. ಹೃದಯಕ್ಕೆ ತನ್ನದೇ ಆದ ಮಿಡಿತದ ಶಕ್ತಿ ಇರುವುದರಿಂದ, ಪ್ರಾಣವಾಯು ಸಿಗುತ್ತಿರುವವರೆಗೆ ಅದು ಕೆಲಕಾಲ ಬಡಿಯುತ್ತದೆ. ಜತ್ತದ ಆ ತಾಯಿ ಮುಟ್ಟಿ ನೋಡಿದ ಬೆಚ್ಚಗಿನ ಮೈಯ ಗುಟ್ಟು ಇದು.

ಪರೀಕ್ಷೆಗೆ ಮೊದಲು ವೈದ್ಯರು ಕೆಲವನ್ನು ಖಚಿತಪಡಿಸಿಕೊಳ್ಳಬೇಕು. ಪ್ರಜ್ಞೆ ತಪ್ಪಲು ಕಾರಣವೇನೆಂದು ಗೊತ್ತಿರಬೇಕು. ನಿದ್ರೆಯ ಔಷಧ, ವಿಷ, ಮೈ ತೀರ ತಣ್ಣಗಾದದ್ದು ಇವು ಕಾರಣವಲ್ಲವೆಂದು ತಿಳಿದಿರಬೇಕು. ಆಮೇಲೆ ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕುಗ್ಗುವುದೇ ಎಂದು ನೋಡುತ್ತಾರೆ. ಕಣ್ಣಗುಡ್ಡೆಗೆ ಹತ್ತಿ ಸೋಕಿಸಿ ರೆಪ್ಪೆ ಬಡಿಯುವುದೇ, ಕಿವಿಯಲ್ಲಿ ತಣ್ಣೀರು ಬಿಟ್ಟಾಗ ಕಣ್ಣು ಹೊರಳುವುದೇ, ಗಂಟಲು ಮುಟ್ಟಿದರೆ ಕೆಮ್ಮು ಬರುವುದೇ ಎಂದು ಒಂದೊಂದಾಗಿ ಪರೀಕ್ಷಿಸುತ್ತಾರೆ. ಕೊನೆಯದು ಉಸಿರಿನ ಪರೀಕ್ಷೆ. ಪ್ರಾಣವಾಯು ಸಾಕಷ್ಟು ಕೊಟ್ಟು ಯಂತ್ರವನ್ನು ತುಸು ಹೊತ್ತು ಬೇರ್ಪಡಿಸಿ, ರಕ್ತದಲ್ಲಿ ಇಂಗಾಲಾಮ್ಲ ಏರಿದರೂ ಎದೆ ಒಂದು ಸಲವಾದರೂ ಏಳುವುದೇ ಎಂದು ಕಾದು ನೋಡುವುದು.

ಇಷ್ಟನ್ನೂ ಕನಿಷ್ಠ 6 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕೆಂಬುದು ನಿಯಮ. ನಾಲ್ವರು ವೈದ್ಯರು ಸಹಿ ಹಾಕಬೇಕು. ಕಸಿ ಮಾಡುವ ತಂಡದವರು ಯಾರೂ ಅದರಲ್ಲಿ ಇರಕೂಡದು. ನರರೋಗ ತಜ್ಞರು ಸಿಗದ ಊರುಗಳ ಕಷ್ಟವರಿತು, 2011ರ ತಿದ್ದುಪಡಿ ಅರಿವಳಿಕೆ ತಜ್ಞರು ಅಥವಾ ತೀವ್ರ ನಿಗಾ ತಜ್ಞರಿಗೂ ಅವಕಾಶ ಕೊಟ್ಟಿದೆ. ಅವರು ಕಲಿತಿದ್ದರೆ ಮಾತ್ರ ಈ ಅವಕಾಶ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಪಾಠ: ದೇಹವನ್ನು ಕಾಯುವುದು

ಮಿದುಳು ಸತ್ತ ಮೇಲೆ ದೇಹ ಯಜಮಾನನಿಲ್ಲದ ಮನೆಯಂತಾಗುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಮೈ ತಣ್ಣಗಾಗತೊಡಗುತ್ತದೆ. ಮೂತ್ರವನ್ನು ಹಿಡಿದಿಡುವ ಹಾರ್ಮೋನು ನಿಂತುಹೋಗಿ ಮೂತ್ರ ಸುರಿಯುತ್ತಲೇ ಇರುತ್ತದೆ. ರಕ್ತದಲ್ಲಿ ಉಪ್ಪಿನಂಶ ಏರುತ್ತದೆ. ಗಂಟೆಗಂಟೆಗೂ ಅಳೆದು ದ್ರವ, ಔಷಧ, ಹಾರ್ಮೋನು ಕೊಡುತ್ತಿರಬೇಕು. ಅಲಕ್ಷ್ಯವಾದರೆ ಮನೆಯವರು ಒಪ್ಪುವುದರೊಳಗೆ ಹೃದಯ ನಿಂತು ಎಲ್ಲವೂ ವ್ಯರ್ಥವಾಗುತ್ತದೆ.

ಹೊರತೆಗೆದ ಮೇಲೂ ಗಡಿಯಾರದ ಜತೆ ಓಟ. ಹೃದಯವನ್ನು ಸುಮಾರು 4ರಿಂದ 6 ಗಂಟೆ, ಯಕೃತ್ತನ್ನು 8ರಿಂದ 12 ಗಂಟೆ, ಮೂತ್ರಪಿಂಡವನ್ನು ಒಂದು ದಿನಕ್ಕೂ ಮೀರಿ ಇಡಬಹುದು. ಒಬ್ಬ ದಾನಿಯಿಂದ ಎಂಟು ಜನರವರೆಗೂ ಬದುಕಬಹುದು.

ಮೂರನೆಯ ಪಾಠ: ಮನೆಯವರೊಡನೆ ಮಾತು

ಎಲ್ಲಕ್ಕಿಂತ ಕಠಿಣವಾದದ್ದು ಇದು. ಮಾತು ಹುಟ್ಟುಗುಣ, ಅದನ್ನೇನು ಕಲಿಸುವುದು ಎಂದು ಹಲವರು ತಿಳಿದಿದ್ದಾರೆ. ಆದರೆ ನೆದರ್ಲೆಂಡಿನಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿ ಯುರೋಪಿನ ಹಲವು ದೇಶಗಳಿಗೆ ಹಬ್ಬಿದ ತರಬೇತಿಯೊಂದು ಇದನ್ನೇ ಕಲಿಸಿತು. ವೈದ್ಯರು, ದಾದಿಯರು ದುಃಖದಲ್ಲಿರುವ ಮನೆಯವರೊಡನೆ ಮಾತಾಡುವುದನ್ನು ನಾಟಕದಂತೆ ಅಭ್ಯಾಸ ಮಾಡಿ, ತಮ್ಮ ತಪ್ಪು ತಾವೇ ಕಾಣುತ್ತಿದ್ದರು.

ಪಾಠದ ಸಾರ ಸರಳ. ನಿಂತು ಹೇಳಬೇಡಿ, ಕೂರಿಸಿ ನೀವೂ ಕೂತು ಹೇಳಿ. 'ಬ್ರೇನ್ ಡೆಡ್' ಎನ್ನುವ ಬದಲು 'ತೀರಿಕೊಂಡಿದ್ದಾರೆ' ಎನ್ನಿ. 'ಯಂತ್ರದಿಂದ ಬದುಕಿಸಿದ್ದೇವೆ' ಎಂಬ ಮಾತು ಸುಳ್ಳು ಆಸೆ ಹುಟ್ಟಿಸುತ್ತದೆ. ಸಾವಿನ ಸುದ್ದಿ ಮತ್ತು ದಾನದ ಕೇಳಿಕೆ ಒಂದೇ ಉಸಿರಿನಲ್ಲಿ ಬರಬಾರದು. ಮೊದಲನೆಯದು ಮನಸ್ಸಿಗೆ ಇಳಿಯಲು ಸಮಯ ಬೇಕು. ಬೇಡವೆಂದರೆ ಒತ್ತಾಯಿಸಬಾರದು.

ಇದಕ್ಕೆ ನಾವು ನಮ್ಮದೊಂದು ಮಾತು ಸೇರಿಸುತ್ತೇವೆ: ಮನೆಯವರ ಭಾಷೆಯಲ್ಲಿ ಹೇಳಿ. ಗಡಿಯಾಚೆಯ ನಮ್ಮ ಮನೆಗಳವರು ಅಂಗಡಿಯಲ್ಲಿ, ಕಚೇರಿಯಲ್ಲಿ ಮರಾಠಿ, ಮಲಯಾಳ, ತಮಿಳು, ತೆಲುಗು ಆಡಬಲ್ಲರು. ಆದರೆ ಮಗನ ಸಾವಿನ ಸುದ್ದಿ ತಿಳಿಯಬೇಕಾದದ್ದು ತಾಯ್ನುಡಿಯಲ್ಲಿ. ಕಸಿ ಮಾಡುವ ಆಸ್ಪತ್ರೆಯಲ್ಲಿ ತರಬೇತಾದ ಸಂಯೋಜಕರು ಇರಲೇಬೇಕೆಂದು ಕಾನೂನು ಹೇಳುತ್ತದೆ. ಚೆನ್ನೈಯಲ್ಲಿ 1997ರಲ್ಲಿ ಡಾ. ಸುನಿಲ್ ಶ್ರಾಫ್ ಸ್ಥಾಪಿಸಿದ ಮೋಹನ್ ಫೌಂಡೇಶನ್ ಇಂಥವರಿಗೆ ತರಬೇತಿ ಕೊಡುತ್ತ ಬಂದಿದೆ. ಕನ್ನಡ ಬಲ್ಲ ನಮ್ಮ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬಂದರೆ ಎಷ್ಟು ಉಪಕಾರ!

ಕಲಿಸಿದರೆ ಏನಾಗುತ್ತದೆ?

ಸ್ಪೇನ್ ದೇಶ ಇದಕ್ಕೆ ಸಾಕ್ಷಿ. 1989ರಲ್ಲಿ ಅಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಹುಟ್ಟಿದಾಗ, ಹತ್ತು ಲಕ್ಷ ಜನಕ್ಕೆ 14ರಷ್ಟು ಮಂದಿ ಮರಣಾನಂತರ ಅಂಗದಾನ ಮಾಡುತ್ತಿದ್ದರು. ಅದರ ಮೊದಲ ಮುಖ್ಯಸ್ಥ ಡಾ. ರಫಾಯೆಲ್ ಮತೆಸಾನ್ಸ್ ಅವರು ಆಸ್ಪತ್ರೆಗಳಲ್ಲಿ ತೀವ್ರ ನಿಗಾ ಘಟಕದ ವೈದ್ಯರನ್ನೇ ಸಂಯೋಜಕರನ್ನಾಗಿ ಮಾಡಿ, ಅವರಿಗೆ ಮೇಲಿಂದ ಮೇಲೆ ತರಬೇತಿ ಕೊಡಿಸಿದರು. 2023ರ ಹೊತ್ತಿಗೆ ಆ ಸಂಖ್ಯೆ 48 ದಾಟಿತ್ತು. ನಮ್ಮ ದೇಶದಲ್ಲಿ ಅದು ಒಂದನ್ನೂ ಮುಟ್ಟಿಲ್ಲ. 2023ರಲ್ಲಿ ಇಡೀ ಭಾರತದಲ್ಲಿ ಮರಣಾನಂತರ ಅಂಗ ಕೊಟ್ಟವರು 1,099 ಮಂದಿ. ಅವರಲ್ಲಿ ತೆಲಂಗಾಣದವರು 252, ಕರ್ನಾಟಕ ಮತ್ತು ತಮಿಳುನಾಡಿನವರು ತಲಾ 178, ಮಹಾರಾಷ್ಟ್ರದವರು 148.

ತಮಿಳುನಾಡು 2008ರಲ್ಲೇ ಸರ್ಕಾರಿ ಆದೇಶಗಳ ಮೂಲಕ ವ್ಯವಸ್ಥಿತವಾಗಿ ಹೊರಟಿತು. ಕೇರಳದ 'ಮೃತಸಂಜೀವನಿ' 2012ರಲ್ಲಿ ಹುಟ್ಟಿ 2015ರಲ್ಲಿ 76 ದಾನಿಗಳನ್ನು ಕಂಡಿತು. ಆದರೆ ಜನರಲ್ಲಿ ಅನುಮಾನ, ವೈದ್ಯರಲ್ಲಿ ಕೋರ್ಟಿನ ಭಯ ಹೊಕ್ಕಾಗ, 2018ರಲ್ಲಿ ಸಂಖ್ಯೆ 8ಕ್ಕೆ ಇಳಿಯಿತು. ನಂಬಿಕೆ ಒಡೆದರೆ ವಿದ್ಯೆಯೂ ಕೈಕಟ್ಟಿ ಕೂಡುತ್ತದೆ. ಆದ್ದರಿಂದಲೇ ಪರೀಕ್ಷೆಯನ್ನು ಚಾಚೂ ತಪ್ಪದೆ ಮಾಡಿ, ಬರೆದಿಟ್ಟು, ಮನೆಯವರಿಗೆ ತಿಳಿಸಿ ಹೇಳುವ ಶಿಕ್ಷಣ ಬೇಕು.

ನಮ್ಮ ಮನೆಗಳಲ್ಲಿ ಏನು ಮಾಡಬೇಕು?

ಮೊದಲನೆಯದಾಗಿ, ನಿಮ್ಮ ಇಚ್ಛೆಯನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ. ಕಾರ್ಡು ಕಿಸೆಯಲ್ಲಿದ್ದರೂ ಕೊನೆಗೆ ಕೇಳುವುದು ಮನೆಯವರನ್ನೇ.

ಎರಡನೆಯದಾಗಿ, ಯಾರೂ ಕೇಳದಿದ್ದರೆ ನೀವೇ ಕೇಳಿ. ನಿಗಾ ಘಟಕದಲ್ಲಿರುವವರ ಹತ್ತಿರದ ಬಂಧುಗಳಿಗೆ ದಾನದ ಅವಕಾಶವನ್ನು ತಿಳಿಸಬೇಕಾದದ್ದು 2011ರ ತಿದ್ದುಪಡಿಯಂತೆ ಆಸ್ಪತ್ರೆಯ ಕರ್ತವ್ಯ. ಕಸಿ ಮಾಡದ ಆಸ್ಪತ್ರೆಯೂ ಅಂಗ ತೆಗೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ಸೊಲ್ಲಾಪುರ, ಸಾಂಗಲಿ ಭಾಗದವರಿಗೆ ಪುಣೆಯ ವಲಯ ಸಮನ್ವಯ ಕೇಂದ್ರ, ಕಾಸರಗೋಡು, ವಯನಾಡಿನವರಿಗೆ ಕೆ-ಸೋಟೊ, ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ಟ್ರಾನ್ಸ್‌ಟಾನ್, ಆಂಧ್ರ ಮತ್ತು ತೆಲಂಗಾಣದವರಿಗೆ ಜೀವನ್‌ದಾನ್ ಇವೆ. ಮಂಗಳೂರು, ಬೆಂಗಳೂರಿಗೆ ರೋಗಿಯನ್ನು ಒಯ್ದಿದ್ದರೆ ಕರ್ನಾಟಕದ ಜೀವಸಾರ್ಥಕತೆ. ಅಪಘಾತದ ಪ್ರಕರಣದಲ್ಲಿ ಮರಣೋತ್ತರ ಪರೀಕ್ಷೆಗೆ ಬೆಳಗಾಗುವವರೆಗೆ ಕಾಯಬೇಕೆಂಬ ಅಡ್ಡಿಯನ್ನೂ ಕೇಂದ್ರ ಸರ್ಕಾರ 2021ರಲ್ಲಿ ಸಡಿಲಿಸಿದೆ.

ಮೂರನೆಯದಾಗಿ, ಅಂಗಕ್ಕಾಗಿ ಕಾಯುವವರಿಗೊಂದು ಮಾತು. ಹೆಸರು ನೋಂದಾಯಿಸಲು ಆಯಾ ರಾಜ್ಯದ ವಾಸಿಗಳೇ ಆಗಿರಬೇಕೆಂಬ ಷರತ್ತನ್ನು ಕೈಬಿಡುವಂತೆ 2023ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ತಿಳಿಸಿತು. ಗಡಿಯವರಾದ ನಾವು ಇದನ್ನು ನೆನಪಿಡಬೇಕು.

ನಾಲ್ಕನೆಯದು ನೇತ್ರದಾನ. ಇದಕ್ಕೆ ಮಿದುಳಿನ ಸಾವು ಬೇಕಿಲ್ಲ. ಮನೆಯಲ್ಲಿ ಸಹಜವಾಗಿ ತೀರಿಕೊಂಡ ಅಜ್ಜ ಅಜ್ಜಿಯರೂ ಕೊಡಬಹುದು. ಸುಮಾರು 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನು ನಿಲ್ಲಿಸಿ, ತಲೆಯ ಕೆಳಗೆ ದಿಂಬಿಡಿ, ನೇತ್ರಬ್ಯಾಂಕಿಗೆ ಫೋನು ಮಾಡಿ.

ಇನ್ನು ನಮ್ಮ ಸಮಾಜದ ಸಂಘಗಳು, ಟ್ರಸ್ಟುಗಳು ಒಂದು ಕೆಲಸ ಮಾಡಬಹುದು. ನೇತ್ರ ಶಿಬಿರ, ರಕ್ತದಾನ ಶಿಬಿರ ನಡೆಸುವುದು ನಮಗೆ ರೂಢಿ. ಅದರಂತೆಯೇ ಊರಿನ ವೈದ್ಯರ ಸಂಘದ ಜತೆಗೂಡಿ, ಸುತ್ತಲಿನ ಆಸ್ಪತ್ರೆಗಳ ವೈದ್ಯರು ಮತ್ತು ದಾದಿಯರಿಗೆ ಒಂದು ದಿನದ ತರಬೇತಿ ಏರ್ಪಡಿಸಬಹುದು. ಸಭಾಭವನ ನಮ್ಮದಿದೆ, ಊಟದ ವ್ಯವಸ್ಥೆ ನಮ್ಮದಾಗಲಿ, ಕಲಿಸುವವರನ್ನು ಕರೆಸೋಣ.

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಾಲ್ಕು ದಾನಗಳನ್ನು ನಮ್ಮ ಹಿರಿಯರು ಎಣಿಸಿದ್ದಾರೆ. ಸಾಯುತ್ತಿರುವ ಒಬ್ಬರಿಗೆ ಅಂಗ ಸಿಕ್ಕುವುದು ಔಷಧವೂ ಹೌದು, ಅಭಯವೂ ಹೌದು. ಆದರೆ ಅದರ ದಾರಿ ತೆರೆಯುವುದು ವಿದ್ಯೆಯಿಂದ, ಅಂದರೆ ಶಾಸ್ತ್ರದಾನದಿಂದ. ಕೊಡುವ ಮನಸ್ಸು ನಮ್ಮ ಮನೆಗಳಲ್ಲಿ ಇದೆ. ಜತ್ತದ ಆ ತಾಯಿಯಲ್ಲಿ ಇತ್ತು. ಇನ್ನೊಬ್ಬ ತಾಯಿ "ನಮ್ಮನ್ನ ಯಾಕ ಕೇಳಲಿಲ್ಲ" ಎಂದು ಕೇಳುವಂತೆ ಆಗಬಾರದು.