ನಿಮಗಿದು ಗೊತ್ತೆ? ಮೂಡುಬಿದಿರೆಯ ಹಳೇ ಅಭಿಮಾನಿ

ಮೆಚ್ಚಿನ ಧಾರಾವಾಹಿಯ ಕತೆ ಹಿಡಿಸದಿದ್ದರೆ ಅಭಿಮಾನಿಗಳು ತಾವೇ ಬೇರೆ ಕತೆ ಕಟ್ಟುವುದುಂಟು. ಇದೇ ಫ್ಯಾನ್ ಫಿಕ್ಷನ್. ಮೂಡುಬಿದಿರೆಯ ಕವಿ ರತ್ನಾಕರವರ್ಣಿ 16ನೆಯ ಶತಮಾನದಲ್ಲೇ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ! ಪಂಪನ ‘ಆದಿಪುರಾಣ’ದಲ್ಲಿ ಭರತ ತಮ್ಮ ಬಾಹುಬಲಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋಲುತ್ತಾನೆ, ಸಿಟ್ಟಿನಲ್ಲಿ ಚಕ್ರರತ್ನವನ್ನೂ ಬಿಡುತ್ತಾನೆ. ಭರತನೆಂದರೆ ಪ್ರಾಣ ಬಿಡುವ ರತ್ನಾಕರನಿಗೆ ಇದು ರುಚಿಸೀತೆ? ಅವನ ‘ಭರತೇಶ ವೈಭವ’ದಲ್ಲಿ ಕಾದಾಟವೇ ಇಲ್ಲ. ಅಣ್ಣ ಕಣಕ್ಕೆ ಬಂದು ಸವಿಮಾತಾಡುತ್ತಾನೆ, ತಮ್ಮ ಕರಗುತ್ತಾನೆ. ಬರೆದದ್ದೂ ಒಂದೆರಡು ಪುಟವಲ್ಲ: 80 ಸಂಧಿ, ಸುಮಾರು 10,000 ಸಾಂಗತ್ಯ ಪದ್ಯ.

ಹಳೆಯ ಕತೆಗೆ ಹೊಸ ಮಾತು ಕಟ್ಟುವ ಈ ಚಾಳಿ ಇನ್ನೂ ಹೋಗಿಲ್ಲ. ಬಂಟ್ವಾಳ, ಬೆಳ್ತಂಗಡಿ ಕಡೆಯ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದ ಮಾತಿನ ಯಕ್ಷಗಾನದಲ್ಲಿ, ಇವತ್ತಿಗೂ ಹಾಡುವ ಭಾಗವತರ ಪದ್ಯವಷ್ಟೇ ನಿಗದಿ. ಮಹಾಭಾರತದ ಕರ್ಣ ಏನು ವಾದಿಸಬೇಕೆಂಬುದು ಆ ಪಾತ್ರದ ಮಾತಾಡುವ ಅರ್ಥಧಾರಿಗೆ ಬಿಟ್ಟದ್ದು.